ಲೇಪ ಮತ್ತು ನಿರ್ಲೇಪ

ನಮ್ಮ ವೇದಾಂತಗ್ರಂಥಗಳಲ್ಲಿ ‘ಲೇಪ’ವೆಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಆತ್ಮವು ನಿರ್ಲೇಪವಾದದ್ದು, ಜ್ಞಾನಿಯು ನೀರಿನಲ್ಲಿದ್ದೂ ನೀರಂಟದ ತಾವರೆಯೆಲೆಯಂತೆ ಇರತಕ್ಕವನು. ಅಂಟಿದ್ದೆಲ್ಲ ಮಲ, ಮೆತ್ತಿದ್ದೆಲ್ಲ ಮರೆ ಎಂಬ ಭಾವನೆಯು ಹೀಗೆ ಬಹುಕಾಲದಿಂದ ನಮ್ಮ ವಿದ್ಯಾವಂತರ ಮನಸ್ಸಿನಲ್ಲಿ ಬೇರೂರಿದೆ. ಆದರೆ ಅದೇ ಪರಂಪರೆಯು ನೆಲವನ್ನು ಶುದ್ಧಿಮಾಡಬೇಕಾದಾಗ ಏನನ್ನು ವಿಧಿಸಿತು? ಮನುಸ್ಮೃತಿಯು ಭೂಶುದ್ಧಿಗೆ ಐದು ಉಪಾಯಗಳನ್ನು ಹೇಳುವಾಗ ಗುಡಿಸುವುದು, ನೀರು ಚಿಮುಕಿಸುವುದು, ಕೆರೆಯುವುದು, ದನಗಳನ್ನು ತಂಗಿಸುವುದು ಇವುಗಳ ಜೊತೆಗೆ ಸಾರಿಸುವುದನ್ನೂ ಸೇರಿಸಿದೆ. ಆತ್ಮಕ್ಕೆ ಕಳಂಕವಾದದ್ದು ಅಂಗಳಕ್ಕೆ ಶೌಚವಾಯಿತು! ಈ ವಿರೋಧವನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಒಳಮನೆಯಲ್ಲಿ ಕುಳಿತು ನಿರ್ಲೇಪತ್ವವನ್ನು ವಿಚಾರಿಸುತ್ತಿದ್ದವರ ಬೆನ್ನ ಹಿಂದೆ ಯಾರೋ ಒಬ್ಬರು ಮೊಣಕಾಲೂರಿ ಗೋಡೆಗೆ ಕೆಮ್ಮಣ್ಣನ್ನು ಬಳಿಯುತ್ತಲೇ ಇದ್ದರು.

ಪ್ರಶ್ನೆ ಇಷ್ಟೆ. ಗೋಡೆಗೆ ಲೇಪವನ್ನು ಕೊಡುವುದು ಸತ್ಯವನ್ನು ಮುಚ್ಚುವ ಕೆಲಸವೋ, ಅಥವಾ ಗೋಡೆಯನ್ನು ಕಾಯುವ ಕೆಲಸವೋ? ಕಲ್ಲು ಕಲ್ಲಾಗಿ, ಇಟ್ಟಿಗೆ ಇಟ್ಟಿಗೆಯಾಗಿ ಕಾಣಬೇಕು, ಮೇಲೆ ಬಳಿದದ್ದೆಲ್ಲ ವೇಷ ಎಂದು ಹೇಳುವ ರಸಿಕರು ಈಗ ನಮ್ಮ ನಗರಗಳಲ್ಲಿ ಹೆಚ್ಚಾಗಿದ್ದಾರೆ. ಇದು ಹೊಸ ಮಾತಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ವಾಸ್ತುಗ್ರಂಥದಲ್ಲಿ ‘ಸತ್ಯದ ದೀಪ’ವೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಆತನು ಸುಳ್ಳು ಕಟ್ಟಡಗಳನ್ನು ಕಟುವಾಗಿ ಖಂಡಿಸುತ್ತಾನೆ; ಆದರೆ ಲೇಪಮಾತ್ರದಿಂದಲೇ ಕಟ್ಟಡವು ಸುಳ್ಳಾಯಿತೆಂದು ಹೇಳುವುದಿಲ್ಲ. ಇಟ್ಟಿಗೆಯ ಮೇಲೆ ಗಾರೆ ಹಾಕಿ, ಆ ಗಾರೆಯಲ್ಲಿ ಸಂದುಗೆರೆಗಳನ್ನು ಕೊರೆದು, ನೋಡುವವನು ಅದನ್ನು ಕಲ್ಲೆಂದು ನಂಬುವಂತೆ ಮಾಡಿದರೆ ಅದು ಸುಳ್ಳು. ಗಾರೆಯನ್ನು ಗಾರೆಯೆಂದೇ ತೋರಿಸಿದರೆ ಅಲ್ಲಿ ಯಾರಿಗೆ ಮೋಸ? ರಸ್ಕಿನ್ನನ ಮಾತಿನ ಈ ಸೂಕ್ಷ್ಮವು ಅವನ ಕಾಲದ ಜೀರ್ಣೋದ್ಧಾರಕರಿಗೆ ಹಿಡಿಸಲಿಲ್ಲ. ಹಳೆಯ ಇಗರ್ಜಿಗಳ ಒಳಗೋಡೆಗಳಿಂದ ಶತಮಾನಗಳ ಸುಣ್ಣವನ್ನು ಕೆರೆದು, ಎಂದೂ ಕಾಣಿಸಿಕೊಳ್ಳಬೇಕೆಂದು ಇಟ್ಟಿರದ ಒರಟು ಕಲ್ಲುಗಳನ್ನು ಬಯಲಿಗೆ ತಂದರು. ಇದನ್ನು ಸಹಿಸದೆ ವಿಲಿಯಂ ಮಾರಿಸನು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಜನರು ಅದಕ್ಕೆ ಇಟ್ಟ ಅಡ್ಡಹೆಸರೇ ‘ಕೆರೆತದ ವಿರೋಧಿಗಳು’ ಎಂದು. ಸತ್ಯದ ಹೆಸರಿನಲ್ಲಿ ಚರ್ಮವನ್ನು ಸುಲಿದು ಮೂಳೆಯನ್ನು ತೋರಿಸಿದರೆ ಮನುಷ್ಯನ ನಿಜರೂಪವು ಕಂಡಂತಾಯಿತೆ?

ಹಾಗಾದರೆ ಲೇಪದಲ್ಲಿ ಧರ್ಮಾಧರ್ಮದ ಭೇದವೇ ಇಲ್ಲವೆ? ಇದೆ. ಆದರೆ ಅದು ಕಣ್ಣಿಗೆ ಕಾಣುವ ಮೇಲ್ಮೈಯಲ್ಲಿಲ್ಲ; ಲೇಪಕ್ಕೂ ಅದರ ಹಿಂದಿನ ಗೋಡೆಗೂ ಇರುವ ಸಂಬಂಧದಲ್ಲಿದೆ. ಇದನ್ನು ತಿಳಿಯಬೇಕಾದರೆ ಕೈಗೆ ಸ್ವಲ್ಪ ಕೆಸರು ಮೆತ್ತಿಕೊಳ್ಳದೆ ಉಪಾಯವಿಲ್ಲ.

ಮೊದಲು ಮಣ್ಣು. ಜೇಡಿಯ ಕಣಗಳು ಅತಿ ತೆಳುವಾದ ಹಾಳೆಗಳಂತಿದ್ದು, ನೀರು ಸೇರಿದಾಗ ಒಂದರ ಮೇಲೊಂದು ಜಾರುತ್ತವೆ, ನೀರು ಆರಿದಾಗ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇಲ್ಲಿ ಸುಡುವುದಿಲ್ಲ, ಬೇಯಿಸುವುದಿಲ್ಲ, ರಸಾಯನಪರಿವರ್ತನೆಯೇನೂ ನಡೆಯುವುದಿಲ್ಲ. ಆದುದರಿಂದಲೇ ಹತ್ತು ವರ್ಷದ ಮಣ್ಣಿನ ಗಿಲಾವನ್ನು ಕೆತ್ತಿ, ನೆನೆಹಾಕಿ, ತುಳಿದು, ಮತ್ತೆ ಅದೇ ಗೋಡೆಗೆ ಹಚ್ಚಬಹುದು. ಶುದ್ಧ ಜೇಡಿಯೊಂದನ್ನೇ ಬಳಿದರೆ ಅದು ಆರುತ್ತ ಕುಗ್ಗಿ, ಬೇಸಿಗೆಯ ಕೆರೆಯ ತಳದಂತೆ ಬಿರುಕುಬಿಡುತ್ತದೆ. ಕುಗ್ಗುವಿಕೆಯನ್ನು ತಡೆಯುವುದಕ್ಕೆ ಮರಳು ಬೇಕು. ಬಿರುಕನ್ನು ಹೊಲಿದಂತೆ ಹಿಡಿದಿಡುವುದಕ್ಕೆ ಕತ್ತರಿಸಿದ ಹುಲ್ಲೋ ಹೊಟ್ಟೋ ಬೇಕು. ಯಾವ ಮಣ್ಣಿನಲ್ಲಿ ಎಷ್ಟು ಮರಳಿದೆಯೆಂಬುದನ್ನು ನೋಡಲು ಒಂದು ಗಾಜಿನ ಭರಣಿಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿ ಇಟ್ಟರೆ ಸಾಕು: ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಅದರ ಮೇಲೆ ನವುರಾದ ಗೋಡು ಕೂರುತ್ತದೆ, ಜೇಡಿಯು ಬಹಳ ಹೊತ್ತು ನೀರನ್ನು ಬಗ್ಗಡವಾಗಿರಿಸಿ ಕೊನೆಗೆ ಇಳಿಯುತ್ತದೆ. ಮಲೆನಾಡಿನ ಹೆಂಗಸರಿಗೆ ಈ ಭರಣಿಯೂ ಬೇಕಿರಲಿಲ್ಲ. ಹಿಡಿ ಮಣ್ಣನ್ನು ಒದ್ದೆಮಾಡಿ ಉಂಡೆಕಟ್ಟಿ, ಹೆಬ್ಬೆರಳಿನಿಂದ ಒತ್ತಿ ಅವರು ಹೇಳುತ್ತಿದ್ದರು. ದೀವರ ಮನೆಗಳಲ್ಲಿ ಹಸೆ ಚಿತ್ತಾರದ ಬಿಳಿಯ ಗೆರೆಗಳು ಅಷ್ಟು ಸೂಕ್ಷ್ಮವಾಗಿ ಮೂಡುವುದಕ್ಕೆ ಹಿಂದಿರುವ ಕೆಮ್ಮಣ್ಣಿನ ನುಣುಪೇ ಆಧಾರ. ಚಿತ್ತಾರವನ್ನು ಹೊಗಳುವವರು ಅದನ್ನು ಸಾಧಾರಣವಾಗಿ ಮರೆಯುತ್ತಾರೆ.

ಸುಣ್ಣದ ಕಥೆ ಬೇರೆ. ಮಣ್ಣು ಆರುತ್ತದೆ, ಸುಣ್ಣವು ಹುಟ್ಟುತ್ತದೆ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಸುಟ್ಟರೆ, ಅದರೊಳಗೆ ಸೆರೆಯಾಗಿದ್ದ ಅಂಗಾರಾಮ್ಲವಾಯುವು ಹೊರಟುಹೋಗುತ್ತದೆ. ಶುದ್ಧವಾದ ಕಲ್ಲಾದರೆ 100 ಪಾಲಿನ ತೂಕದಲ್ಲಿ ಉಳಿಯುವುದು 56 ಪಾಲು. ಹೀಗೆ ಹಗುರವಾದ ಸುಟ್ಟ ಸುಣ್ಣಕ್ಕೆ ನೀರು ತಗುಲಿದೊಡನೆ ಅದು ಬುಸುಗುಟ್ಟುತ್ತ, ಕುದಿಯುತ್ತ, ಅರಳುತ್ತದೆ. ಇದನ್ನು ಅರಳುವುದೆಂದು ಕರೆದ ಕನ್ನಡಿಗನು ಯಾರೋ, ಅವನ ಕಣ್ಣು ದೊಡ್ಡದು. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಕೊಳೆಹಾಕಿದಷ್ಟೂ ಬೆಣ್ಣೆಯಾಗುತ್ತದೆ. ಮೂರು ವರ್ಷಕ್ಕಿಂತ ಕಡಮೆ ಹಳೆಯದಾದ ಸುಣ್ಣವನ್ನು ಗುತ್ತಿಗೆದಾರನು ಬಳಸಕೂಡದೆಂದು ಪ್ರಾಚೀನ ರೋಮಿನಲ್ಲಿ ಕಟ್ಟಳೆಯಿತ್ತೆಂದೂ, ಅದರಿಂದಲೇ ಆ ಕಾಲದ ಗೋಡೆಗಳಲ್ಲಿ ಬಿರುಕುಗಳಿರಲಿಲ್ಲವೆಂದೂ ಪ್ಲಿನಿಯು ಬರೆದಿದ್ದಾನೆ. ಕೊನೆಗೆ ಮರಳಿನೊಡನೆ ಅರೆದು ಗೋಡೆಗೆ ಹಚ್ಚಿದ ಮೇಲೆ, ಗೂಡಿನಲ್ಲಿ ಕಳೆದುಕೊಂಡ ವಾಯುವನ್ನೇ ಅದು ಬಯಲಿನ ಗಾಳಿಯಿಂದ ನಿಧಾನವಾಗಿ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಈ ವಾಯುವಿನ ಗುಟ್ಟನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು 1756ರಲ್ಲಿ ಪ್ರಕಟಿಸಿದನು. ಗಾರೆಯವರು ಅದಕ್ಕೂ ಸಹಸ್ರಾರು ವರ್ಷಗಳ ಹಿಂದಿನಿಂದ, ಕಾರಣವನ್ನು ಅರಿಯದೆ, ಕಾರ್ಯವನ್ನು ತಪ್ಪದೆ ಮಾಡಿಕೊಂಡು ಬಂದಿದ್ದರು.

ಕಲ್ಲಾಗುವ ಈ ಕ್ರಿಯೆಗೆ ಅವಸರ ಸಲ್ಲದು. ಮೇಲ್ಮೈಯಿಂದ ಒಳಕ್ಕೆ ಅದು ತಿಂಗಳುಗಟ್ಟಲೆ ನಡೆಯುತ್ತದೆ. ದಪ್ಪನಾಗಿ ಒಮ್ಮೆಗೇ ಹಚ್ಚಿದರೆ ಹೊರಗೆ ಚಿಪ್ಪು, ಒಳಗೆ ಹಸಿ. ಬಿಸಿಲಿಗೆ ಬಲುಬೇಗ ಒಣಗಿಹೋದರೆ ಕಲ್ಲಾಗುವ ಬದಲು ಪುಡಿಯಾಗುತ್ತದೆ. ಆದುದರಿಂದ ತೆಳುವಾದ ಪದರಗಳಲ್ಲಿ, ಒದ್ದೆಯ ಗೋಣಿಯ ಮರೆಯಲ್ಲಿ, ದಿನಗಟ್ಟಲೆ ನೀರು ಚಿಮುಕಿಸುತ್ತ ಅದನ್ನು ಬಾಣಂತಿಯಂತೆ ನೋಡಿಕೊಳ್ಳಬೇಕು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ದಕ್ಷಿಣದೇಶದ ಗಾರೆಯವರು ಸೇರಿಸುತ್ತಿದ್ದುದು ಇದರ ಆರೈಕೆಗಾಗಿಯೇ. ಹಂಪೆಯ ಕಮಲಮಹಲಿನ ಕಮಾನುಗಳ ಮೇಲೆ ಉಳಿದಿರುವ ಗಾರೆಯ ಕುಸುರಿಯನ್ನು ಕಂಡವರು ಆ ಆರೈಕೆಯ ಫಲವನ್ನು ಕಂಡಿದ್ದಾರೆ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಹಸಿಯ ಸುಣ್ಣವು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣನ್ನೇ ತೆಗೆಯಬಲ್ಲದು. ಕಲಿಯಲು ಹೊರಟ ಗೃಹಸ್ಥರು ಕೌತುಕದಿಂದ ಗುಂಡಿಗೆ ಬಗ್ಗಿನೋಡಬಾರದು.

ಇನ್ನು ನಾನು ಮೇಲೆ ಹೇಳಿದ ಸಂಬಂಧದ ವಿಚಾರ. ಗಾರೆ ಕೆಲಸದಲ್ಲಿ ಒಂದು ಹಳೆಯ ನಿಯಮವುಂಟು: ಮೇಲಿನ ಪದರವು ಕೆಳಗಿನ ಪದರಕ್ಕಿಂತ ಬಿರುಸಾಗಿರಬಾರದು. ಮೆತ್ತನೆಯ ಗೋಡೆಯು ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ನೆಲದ ತೇವವನ್ನು ಹೀರುತ್ತದೆ, ಬಿಡುತ್ತದೆ. ಮೇಲಿನ ಲೇಪವೂ ಅದರೊಡನೆ ಸರಿದಾಡಬಲ್ಲದಾಗಿದ್ದರೆ, ತೇವಕ್ಕೆ ದಾರಿಬಿಡುವಂಥದಾಗಿದ್ದರೆ, ಗೋಡೆಗೆ ಆಯುಸ್ಸು. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ರಾಂಚೋಸ್ ದೆ ತಾವೋಸ್ ಎಂಬಲ್ಲಿ 19ನೆಯ ಶತಮಾನದ ಆದಿಭಾಗದ ಒಂದು ಮಣ್ಣಿನ ಇಗರ್ಜಿಯಿದೆ. ಅದರ ದಪ್ಪನಾದ ಒತ್ತುಗೋಡೆಗಳನ್ನು ಚಿತ್ರಕಾರರು ಮತ್ತೆ ಮತ್ತೆ ಬರೆದು ಲೋಕಪ್ರಸಿದ್ಧಮಾಡಿದ್ದಾರೆ. ಆ ಊರಿನ ಭಕ್ತರು ತಲೆತಲಾಂತರದಿಂದ ಅದಕ್ಕೆ ಮಣ್ಣು ಮೆತ್ತುತ್ತ ಬಂದಿದ್ದರು. 1967ರಲ್ಲಿ, ಈ ತೊಂದರೆಯು ಒಮ್ಮೆಗೇ ತೀರಲೆಂದು ಸಿಮೆಂಟಿನ ಗಟ್ಟಿ ಗಿಲಾವನ್ನು ಹೊದಿಸಿದರು. ನೋಡುವುದಕ್ಕೆ ಗೋಡೆಗಳು ಅಚ್ಚುಕಟ್ಟಾದವು. ಆದರೆ ಕೂದಲೆಳೆಯಂಥ ಬಿರುಕುಗಳಲ್ಲಿ ಒಳಸೇರಿದ ಮಳೆಯ ನೀರಿಗೆ ಹೊರಬರುವ ಹಾದಿಯಿರಲಿಲ್ಲ. ಸಿಮೆಂಟಿನ ಹಿಂದೆ ಹಸಿ ಇಟ್ಟಿಗೆಗಳು ಸದ್ದಿಲ್ಲದೆ ಕೆಸರಾಗತೊಡಗಿದವು. 1979ರಲ್ಲಿ ಆ ಹೊದಿಕೆಯನ್ನು ಕಿತ್ತು, ಕೆಟ್ಟ ಭಾಗಗಳನ್ನು ಸರಿಪಡಿಸಿ, ಪುನಃ ಮಣ್ಣನ್ನೇ ಹಚ್ಚಿದರು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಊರವರು ಕೂಡಿ ಹಚ್ಚುವ ಪದ್ಧತಿಯು ಮತ್ತೆ ನೆಲೆಗೊಂಡಿತು.

ಸುಳ್ಳಿನ ಲೇಪವೆಂದರೆ ಇದು. ಅದು ಕಲ್ಲಿನ ವೇಷ ಹಾಕಿರಲಿಲ್ಲ, ಯಾರನ್ನೂ ಮೋಸಗೊಳಿಸುವ ಉದ್ದೇಶವೂ ಅದನ್ನು ಹಾಕಿದವರಿಗಿರಲಿಲ್ಲ. ಆದರೂ ಗೋಡೆಗೆ ಬಂದ ರೋಗವು ಹೊರಗೆ ಕಾಣದಂತೆ ಅದು ಮಾಡಿತು. ಮಣ್ಣಿನ ಲೇಪವಾದರೋ ತಾನೇ ಮೊದಲು ಕೆಡುತ್ತದೆ. ಮಳೆಯ ಹೊಡೆತವನ್ನು ತಾನು ತಿಂದು, ಕೊರಕಲು ಬಿದ್ದು, ಉದುರಿ, ಮನೆಯವನನ್ನು ಕರೆಯುತ್ತದೆ. ರಸ್ಕಿನ್ನನು ಕಣ್ಣಿಗೆ ಬೀಳುವ ಸುಳ್ಳನ್ನು ಚೆನ್ನಾಗಿ ಹಿಡಿದನು. ತೇವದ ಸುಳ್ಳು ಅವನ ಲೆಕ್ಕಕ್ಕೆ ಬಂದಂತೆ ತೋರುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಲೇಖನವು ಮಣ್ಣಿನ ಸ್ತೋತ್ರವಾಗುತ್ತದೆ. ಅಂಥ ಸ್ತೋತ್ರಗಳು ಈಚೆಗೆ ಸಾಕಷ್ಟು ಬಂದಿವೆ. ಬಹುಮಟ್ಟಿಗೆ ಅವುಗಳನ್ನು ಬರೆದವರು ಸಿಮೆಂಟಿನ ಮನೆಗಳಲ್ಲಿ ವಾಸಮಾಡತಕ್ಕವರು. ನಾವು ಕೇಳಬೇಕಾದ ಮಾತೊಂದಿದೆ. ವರ್ಷವರ್ಷವೂ ಮನೆಯವನನ್ನು ಕರೆಯುತ್ತದೆಂದೆನಷ್ಟೆ. ಆ ಕರೆಗೆ ಓಗೊಟ್ಟವರು ಯಾರು? ಮನೆಯವನಲ್ಲ, ಮನೆಯವಳು. ಹಬ್ಬದ ಮುಂಚಿನ ವಾರದಲ್ಲಿ ಕೆರೆಯ ದಂಡೆಯಿಂದ ಮಣ್ಣು ಹೊತ್ತು, ಸಗಣಿ ಕಲಸಿ, ಒಲೆಯ ಹೊಗೆಗೆ ಕಪ್ಪಾದ ಗೋಡೆಯನ್ನು ಮೇಲಿನಿಂದ ಕೆಳಗೆ ಬಳಿದು, ಕೊನೆಗೆ ಬಾಗಿಲಿನ ಎರಡು ಪಕ್ಕಗಳಲ್ಲಿ ಸುಣ್ಣ ಕೆಮ್ಮಣ್ಣಿನ ಕಾರಣೆಯನ್ನೆಳೆದು ಎದ್ದಾಗ ಅವಳ ಸೊಂಟವು ಹೇಳಿದ್ದನ್ನು ಯಾವ ಕವಿಯೂ ಬರೆದಿಲ್ಲ. ಸಿಮೆಂಟಿನ ನೆಲವು ಬಂದ ದಿನ ಅವಳು ಸಂತೋಷಪಟ್ಟಳು. ಆ ಸಂತೋಷವನ್ನು ಅಜ್ಞಾನವೆನ್ನುವ ಅಧಿಕಾರ ನಮಗಾರಿಗೂ ಇಲ್ಲ. 1824ರಲ್ಲಿ ಜೋಸೆಫ್ ಆಸ್ಪಡಿನನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದಾಗ ಕನ್ನಡನಾಡಿನ ಹೆಂಗಸರ ಮೊಣಕಾಲುಗಳು ಅವನ ಮನಸ್ಸಿನಲ್ಲಿರಲಿಲ್ಲ, ಉಪಕಾರವೇನೋ ಆಯಿತು. ಮಾಳಿಗೆಯ ಸೋರಿಕೆಗೆ ಹೆದರಿ ಪ್ರತಿ ಮಳೆಗಾಲಕ್ಕೂ ಮುಂಚೆ ಮಣ್ಣು ಹೊತ್ತು ಮೇಲೇರುತ್ತಿದ್ದ ಬಯಲುಸೀಮೆಯ ಗಂಡಸರೂ ಇದೇ ಮಾತನ್ನು ಹೇಳಿಯಾರು.

ಆದುದರಿಂದ ಮಣ್ಣು ಮೇಲೋ ಸಿಮೆಂಟು ಮೇಲೋ ಎಂಬ ವಾದವು ನನಗೆ ಅರ್ಧದ ವಾದವಾಗಿ ಕಾಣುತ್ತದೆ. ಆರೈಕೆಯನ್ನು ಬೇಡುವ ವಸ್ತುವು ಆರೈಕೆ ಮಾಡುವವರ ವಿಷಯದಲ್ಲಿ ನಮ್ಮ ನ್ಯಾಯಬುದ್ಧಿಯನ್ನೂ ಬೇಡುತ್ತದೆ. ಎರಡನೆಯದನ್ನು ಕೊಡಲಾರದವನು ಮೊದಲನೆಯದನ್ನು ಹೊಗಳಬಾರದು. ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ 1907ರಲ್ಲಿ ಪುನಃ ಕಟ್ಟಲಾದ ದೊಡ್ಡ ಮಣ್ಣಿನ ಮಸೀದಿಯೊಂದಿದೆ. ಅದರ ಗೋಡೆಗಳಿಂದ ಹೊರಕ್ಕೆ ಚಾಚಿರುವ ತಾಳೆಯ ತೊಲೆಗಳೇ ಲೇಪ ಮಾಡುವವರಿಗೆ ಅಟ್ಟಣಿಗೆ. ಬತ್ತದ ಹೊಟ್ಟು ಬೆರೆಸಿ ದಿನಗಟ್ಟಲೆ ಕೊಳೆಹಾಕಿದ ಮಣ್ಣನ್ನು ಹುಡುಗರು ತುಳಿಯುತ್ತಾರೆ, ಹೆಂಗಸರು ನೀರು ಹೊರುತ್ತಾರೆ, ತರುಣರು ಏಣಿ ಹತ್ತಿ ಮೆತ್ತುತ್ತಾರೆ. ಪಟ್ಟಣದ ಗಾರೆಯವರ ಸಂಘವು ಮೇಲ್ವಿಚಾರಣೆ ಮಾಡುತ್ತದೆ. ಊರಿಗೆ ಊರೇ ಒಂದು ದಿನ ಕೆಸರಾಗುತ್ತದೆ. ಅಲ್ಲಿಯೂ ಮೇಲುಕೀಳುಗಳಿಲ್ಲವೆಂದು ನಾನು ಹೇಳೆನು. ಆದರೆ ಆ ಮಸೀದಿಯ ಗೋಡೆಯು ಒಬ್ಬಳ ಸೊಂಟದ ಮೇಲೆ ನಿಂತಿಲ್ಲ. ಇದು ಹೊಸತೂ ಅಲ್ಲ: ಇಂದಿನ ತುರ್ಕಿ ದೇಶದ ಚಾತಾಲ್‌ಹೊಯುಕ್ ಎಂಬಲ್ಲಿ ಅಗೆದಾಗ, ಒಂಬತ್ತು ಸಾವಿರ ವರ್ಷಗಳಷ್ಟು ಹಿಂದಿನ ಮನೆಗಳ ಗೋಡೆಗಳಲ್ಲಿ ನೂರಕ್ಕೂ ಮಿಕ್ಕಿದ ತೆಳುಲೇಪಗಳು, ಹಳೆಯ ಹೊತ್ತಗೆಯ ಹಾಳೆಗಳಂತೆ, ಒಂದರ ಮೇಲೊಂದು ಕಂಡುಬಂದಿವೆ. ಯಾರು ಬಳಿದರೆಂಬುದಕ್ಕೆ ಅಲ್ಲಿ ಬರಹವಿಲ್ಲ.

ಈಗ ಕಲಿಯುವ ವಿಚಾರಕ್ಕೆ ಬರೋಣ. ಬೆಂಗಳೂರಿನ ಸುತ್ತಮುತ್ತ ಮಾತ್ರವಲ್ಲ, ನಮ್ಮ ಜಿಲ್ಲೆಗಳಲ್ಲಿಯೂ ಕೂಡ, ಓದಿದ ತರುಣ ತರುಣಿಯರು ಈ ಕಸುಬನ್ನು ಕಲಿಯಲು ಶಿಬಿರಗಳಿಗೆ ಬರುತ್ತಿದ್ದಾರೆ. ಇದು ಶುಭಲಕ್ಷಣ. ಅವರು ಮೊದಲು ಕೇಳುವುದು ಪ್ರಮಾಣವನ್ನು: ಸುಣ್ಣ ಎಷ್ಟು, ಮರಳು ಎಷ್ಟು, ನೀರು ಎಷ್ಟು? ಸುಣ್ಣ ಒಂದಕ್ಕೆ ಮರಳು ಮೂರು ಎಂದು ಪುಸ್ತಕ ಹೇಳುತ್ತದೆ, ಹೇಳಲಿ. ಆದರೆ ನಾನು ನೋಡಿದ ಒಬ್ಬ ಮುದಿಗಾರೆಯವನನ್ನು ಒಬ್ಬ ಹುಡುಗನು, “ತಾತ, ಹಚ್ಚುವುದಕ್ಕೆ ಮುಂಚೆ ಗೋಡೆಗೆ ಎಷ್ಟು ನೀರು ಹೊಡೆಯಬೇಕು?” ಎಂದು ಕೇಳಿದಾಗ ಬಂದ ಉತ್ತರ ಹೀಗಿತ್ತು: “ಎಷ್ಟು ಅಂತ ಹೇಳಲಿ ಸ್ವಾಮಿ? ಗೋಡೆ ಕುಡಿಯೋದು ನಿಲ್ಲಿಸಿದ ಮೇಲೆ ನೀವೂ ನಿಲ್ಲಿಸಿ.” ಹುಡುಗನು ಅದನ್ನು ಬರೆದುಕೊಂಡನು. ಮುದುಕನು ನಕ್ಕು, ಅವನ ಕೈಯಿಂದ ಪುಸ್ತಕವನ್ನು ತೆಗೆದು ಕಿಟಕಿಯ ಮೇಲಿಟ್ಟು, ಅವನ ಅಂಗೈಯನ್ನು ಒದ್ದೆಗೋಡೆಗೆ ಒತ್ತಿಹಿಡಿದನು.

ಇದು ಪುಸ್ತಕದ ನಿಂದೆಯಲ್ಲ. ರೋಮಿನ ವಿಟ್ರುವಿಯಸನು ಎರಡು ಸಾವಿರ ವರ್ಷಗಳ ಹಿಂದೆ ಬರೆದ ವಾಸ್ತುಗ್ರಂಥದಲ್ಲಿ ಸುಣ್ಣದ ಪಾಕವನ್ನು ಪರೀಕ್ಷಿಸುವ ಬಗೆಯನ್ನು ಹೇಳಿದ್ದಾನೆ. ಗುಂಡಿಯ ಸುಣ್ಣವನ್ನು ಬಾಚಿಯಿಂದ ಕೊಚ್ಚಿನೋಡು. ಗಂಟುಗಳು ತಗುಲಿದರೆ ಇನ್ನೂ ಅರಳಿಲ್ಲ, ಕಬ್ಬಿಣವು ಒಣದಾಗಿ ಹೊರಬಂದರೆ ಸತ್ತ್ವವಿಲ್ಲ, ಅಂಟಿನಂತೆ ಹಿಡಿದುಕೊಂಡರೆ ಹದವಾಗಿದೆ. ಒಳ್ಳೆಯ ಪುಸ್ತಕವು ತನ್ನ ಓದುಗನನ್ನು ಹೀಗೆ ಗುಂಡಿಯ ಬಳಿಗೆ ಕಳುಹಿಸುತ್ತದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ, ಚಿತ್ರ ಬರೆಯತಕ್ಕ ಗೋಡೆಗೆ ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಕೂಡಿಸಿ ಬಳಿಯುವ ಕ್ರಮವು ವಿವರವಾಗಿದೆ. ದೊರೆಗೆ ಈ ವಿಷಯವು ಬರೆಯಲು ಅಯೋಗ್ಯವೆನಿಸಲಿಲ್ಲ. ಹದವೆಂಬ ಮಾತನ್ನೇ ನೋಡಿರಿ: ಮಳೆಗೆ, ಮಣ್ಣಿಗೆ, ಅಡಿಗೆಗೆ, ಕತ್ತಿಯ ಬಾಯಿಗೆ, ಮನಸ್ಸಿಗೆ ಎಲ್ಲಕ್ಕೂ ಅದೊಂದೇ ಮಾತು. ಅದನ್ನು ಅಳೆಯುವ ಸಲಕರಣೆಯು ಬಳಸಿದ ಕೈಯಲ್ಲದೆ ಬೇರೆಯಿಲ್ಲ. ಮನೆ ಕಟ್ಟುತ್ತ ಕಟ್ಟುತ್ತಲೇ ಮನುಷ್ಯನು ಕಟ್ಟುವವನಾಗುತ್ತಾನೆ, ಹಾಗೆಯೇ ನ್ಯಾಯವಾಗಿ ನಡೆಯುತ್ತ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಹೇಳುವಾಗ ಅವನ ಉದಾಹರಣೆಯು ಕಟ್ಟಡದವನೇ ಆಗಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇಲ್ಲಿಯೇ ನನಗೆ ಮುಳ್ಳು ಚುಚ್ಚುವುದು. ಈ ಹದವು ಮುದುಕನ ಕೈಯಲ್ಲಿದ್ದಷ್ಟು ಕಾಲ ನಾವು ಅದನ್ನು ಕೂಲಿಯೆಂದೆವು. ನಮ್ಮ ಮಕ್ಕಳ ಕೈಗೆ ಬಂದೊಡನೆ ವಿದ್ಯೆಯೆನ್ನುತ್ತೇವೆ. ಗಾರೆಯ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಉಪ್ಪಾರರೇ ಮೊದಲಾದವರನ್ನು ಸಮಾಜವು ಪಡಸಾಲೆಯವರೆಗೂ ಸರಿಯಾಗಿ ಕರೆದಿರಲಿಲ್ಲ. ಅವರು ನುಣುಪುಮಾಡಿದ ಗೋಡೆಗೆ ಒರಗಿ ಕುಳಿತವರು ಬೇರೆಯವರು. ತಮ್ಮ ಮಕ್ಕಳು ಕರಣೆಯನ್ನು ಹಿಡಿಯದೆ ಕಚೇರಿಗೆ ಹೋಗಲೆಂದು ಅವರು ಬಯಸಿದ್ದರಲ್ಲಿ ಆಶ್ಚರ್ಯವೇನಿದೆ? ಕಸುಬು ಅಳಿಯುತ್ತಿದೆಯೆಂದು ಶೋಕಿಸುವ ಸಭೆಗಳಲ್ಲಿ, ಅದು ಯಾರ ಮನೆಯಲ್ಲಿ ಏತಕ್ಕಾಗಿ ಅಳಿಯಿತೆಂದು ಯಾರೂ ಕೇಳುವುದಿಲ್ಲ.

ಅಂಥದೊಂದು ಶಿಬಿರದ ಖರ್ಚಿನ ಲೆಕ್ಕಪತ್ರವು ನನ್ನ ಕಣ್ಣಿಗೆ ಬಿದ್ದಿತ್ತು. ಗೋಡೆಯ ಇತಿಹಾಸವನ್ನು ಕುರಿತು ಒಂದು ಗಂಟೆ ಮಾತನಾಡಿದ ಪಂಡಿತರ ಹೆಸರಿನ ಮುಂದೆ ‘ಗೌರವಧನ’ವೆಂದು ಬರೆದಿತ್ತು. ಮೂರು ದಿನವೂ ನಿಂತು, ಇಪ್ಪತ್ತು ಜನರ ಅಂಗೈಗಳನ್ನು ಒಂದೊಂದಾಗಿ ಗೋಡೆಗೆ ಒತ್ತಿ ಕಲಿಸಿದ ಮೇಸ್ತ್ರಿಯ ಕೂಲಿಯು ಅದೇ ಹಾಳೆಯ ಕೆಳಭಾಗದಲ್ಲಿ, ‘ಸಾಮಗ್ರಿ’ ಎಂಬ ಶೀರ್ಷಿಕೆಯಡಿ, ಸುಣ್ಣಕ್ಕೂ ಮರಳಿಗೂ ಬೆಲ್ಲಕ್ಕೂ ಕೆಳಗೆ ನಮೂದಾಗಿತ್ತು. ಅವನ ಹೆಸರಿರಲಿಲ್ಲ, ‘ಮೇಸ್ತ್ರಿ, ದಿನ 3’ ಎಂದಷ್ಟೆ ಇತ್ತು. ಲೆಕ್ಕ ಬರೆದವರು ಕೆಟ್ಟವರಲ್ಲ. ಬಹಳ ಸಜ್ಜನರು, ಮಣ್ಣಿನ ಮನೆಯ ಮೇಲೆ ನಿಜವಾದ ಪ್ರೀತಿಯುಳ್ಳವರು. ಮುಂದಿನ ಶಿಬಿರಕ್ಕೂ ಅವನನ್ನೇ ಕರೆಯುವರೆಂದು ಕೇಳಿದ್ದೇನೆ. ಆ ಲೆಕ್ಕದಲ್ಲಿ ಅವನು ಯಾವ ಶೀರ್ಷಿಕೆಯಡಿ ಬರುವನೆಂಬುದನ್ನು ನೋಡಬೇಕು.